ಇದ್ದಿಲ ಗುರುತಿನ ಹಾಡು

ಆ ಪುಸ್ತಕಕ್ಕೆ ರಟ್ಟು ಇರಲಿಲ್ಲ. ಒಳಗೆ ನಾನಾ ದೇಶಗಳ ಜನ ಇಷ್ಟಪಟ್ಟು ಹಾಡುವ ಹಾಡುಗಳಿದ್ದವು, ಎಲ್ಲವೂ ಅಕಾರ್ಡಿಯನ್ನಿಗೆ ಒಗ್ಗುವಂಥವು. ಪುಟದ ಮೇಲೆ ವಾದ್ಯದ ಬಿಳಿ-ಕರಿ ಮನೆಗಳ ಚಿತ್ರ, ಯಾವುದನ್ನು ಒತ್ತಬೇಕೆಂದು ತೋರಿಸುವ ಅಂಕಿ. ಅಪ್ಪನಿಗೆ ಅಕ್ಷರ ಬರುತ್ತಿರಲಿಲ್ಲ, ಅಂಕಿ ಬರುತ್ತಿತ್ತು. ಔರಾದ ತಾಲ್ಲೂಕಿನ ನಮ್ಮ ಹಳ್ಳಿಯ ಭಜನೆಯಲ್ಲಿ ಹಾರ್ಮೋನಿಯಂ ಬಾರಿಸುತ್ತಿದ್ದವನು ಆ ಅಂಕಿಗಳನ್ನೇ ಹಿಡಿದು ರಷ್ಯಾ, ಇಟಲಿ, ಜರ್ಮನಿಯ ಹಾಡು ಕಲಿತ.

ಎರಡು ವರ್ಷ ಮಳೆ ಕೈಕೊಟ್ಟ ಮೇಲೆ ನಾವು ಬೀದರಿಗೆ ಬಂದು ನೌಬಾದದಲ್ಲಿ ಒಂದು ಖೋಲಿ ಹಿಡಿದಿದ್ದೆವು. ಅಪ್ಪ ಮದುವೆ ಬ್ಯಾಂಡಿನಲ್ಲಿ ತಾಳ ಹೊಡೆಯುತ್ತಿದ್ದ. ಅಕಾರ್ಡಿಯನ್ ಬಾರಿಸುವವನು ಸಂಸಾರ ಕಟ್ಟಿಕೊಂಡು ಹೈದರಾಬಾದಿಗೆ ಇಟ್ಟಿಗೆ ಹೊರಲು ಹೋದಾಗ ವಾದ್ಯವೂ ಪುಸ್ತಕವೂ ಅಪ್ಪನ ಪಾಲಿಗೆ ಬಂದವು. ಹಾರ್ಮೋನಿಯಂದಾಗ ಒಂದು ಕೈ ಗಾಳಿ ಹಾಕೋದರಾಗೇ ಹೋಗ್ತದ, ಇದು ಎದಿಗೆ ಹಚ್ಚಿಕೊಂಡು ಉಸಿರಾಡಿದಂಗ, ಎಂದು ಅವನು ಬಂದವರಿಗೆಲ್ಲ ಹೇಳುತ್ತಿದ್ದ.

ಬ್ಯಾಂಡಿನ ಮಾಲೀಕರಾದ ಸಾಹೇಬರದು ಒಂದೇ ಕಟ್ಟಳೆ: ಹಾಡಿನ ಅರ್ಥ ಗೊತ್ತಿಲ್ಲದೆ ಬಾರಿಸಬಾರದು. ಹಿಂದೊಮ್ಮೆ ಯಾರದೋ ಮೆರವಣಿಗೆಯಲ್ಲಿ ಅಗಲಿಕೆಯ ಹಾಡು ಬಾರಿಸಿ ಬ್ಯಾಂಡಿನವರು ಏಟು ತಿಂದಿದ್ದರಂತೆ. ಹಾಗಾಗಿ ಅಪ್ಪ ಪುಸ್ತಕ ತಂದು ನನ್ನ ಮುಂದೆ ಇಟ್ಟ. ನಾನು ಆಗ ಪಿಯುಸಿ. ನಮ್ಮ ಮನೆತನದಲ್ಲಿ ಅಷ್ಟು ದೂರ ಓದಿದವನು ನಾನೊಬ್ಬನೇ. ಒಂದೊಂದಾಗಿ ಓದಿ ಹೇಳು ಅಂದ.

ಅಕ್ಷರ ಇಂಗ್ಲಿಷಿನವು, ಭಾಷೆ ಇಂಗ್ಲಿಷಲ್ಲ. ದೇಶದ ಹೆಸರು ಬಿಟ್ಟರೆ ನನಗೆ ಒಂದು ಶಬ್ದವೂ ತಿಳಿಯಲಿಲ್ಲ. ತಿಳಿಯೋದಿಲ್ಲಪ್ಪ ಅಂದಿದ್ದರೆ ಮುಗಿಯುತ್ತಿತ್ತು. ಆದರೆ ಅಪ್ಪ ಕೂತ ರೀತಿ ನೋಡಿದೆ, ವೈದ್ಯರ ಮುಂದೆ ಕೂತಂತೆ. ಇಟಲಿಯ ಹಾಡಿಗೆ, ಇದು ಮಗಳನ್ನು ಗಂಡನ ಮನೆಗೆ ಕಳಿಸುವ ಹಾಡು ಅಂದೆ. ರಷ್ಯಾದ್ದು ಬೀಗರಿಗೆ ಊಟ ಬಡಿಸುವ ಹಾಡು. ಜರ್ಮನಿಯದರಲ್ಲಿ ಶಬ್ದಗಳು ಉದ್ದುದ್ದ, ಭಾರವಾಗಿ ಕಂಡವು. ಅದು ಸತ್ತವರ ಹಾಡು ಅಂದೆ. ಮರುದಿನ ಪರೀಕ್ಷೆ ಇತ್ತು, ನನಗೆ ಅವಸರ.

ಅಪ್ಪ ಒಂದೊಂದಕ್ಕೂ ಗುರುತು ಮಾಡಿಕೊಂಡ. ಮದುವೆ ಹಾಡಿನ ಪುಟಕ್ಕೆ ಅರಿಶಿನದ ಬೆರಳು ಒತ್ತಿದ. ಜರ್ಮನಿಯ ಪುಟದ ಮೂಲೆಗೆ ಒಲೆಯ ಇದ್ದಿಲಿನಿಂದ ಗೀಟು ಎಳೆದ.

ಮರುವರ್ಷ ಹಳ್ಳಿಯಲ್ಲಿ ಅಜ್ಜಿ ತೀರಿಕೊಂಡಳು. ಅರ್ಧ ಓಣಿಗೆ ಬೀಗ. ಜನರೆಲ್ಲ ಪುಣೆ, ಹೈದರಾಬಾದಿಗೆ ಹೋಗಿದ್ದರು. ಹೆಣ ಹೊರಲು ನಾಲ್ಕು ಹೆಗಲು ಸಿಗುವಷ್ಟರಲ್ಲಿ ಮಧ್ಯಾಹ್ನವಾಯಿತು. ನಮ್ಮಲ್ಲಿ ಬಾಜಾ ಇಲ್ಲದೆ ಮಣ್ಣು ಮಾಡುವುದಿಲ್ಲ, ಬಾಜಾದವರೂ ಊರಲ್ಲಿರಲಿಲ್ಲ. ಅಪ್ಪನೇ ಅಕಾರ್ಡಿಯನ್ ಹೆಗಲಿಗೆ ಹಾಕಿಕೊಂಡು, ತಾಯಿಯ ಹಿಂದೆ ಇದ್ದಿಲ ಗುರುತಿನ ಹಾಡನ್ನು ಬಾರಿಸುತ್ತ ನಡೆದ. ಹೆಣ್ಣುಮಕ್ಕಳು ಬಿಕ್ಕಿ ಅತ್ತರು. ನಾನೂ ಅತ್ತೆ. ಅಳುತ್ತಲೇ, ಇದನ್ನು ಓದಿ ಹೇಳಿದವನು ನಾನು ಎಂದು ಒಳಗೊಳಗೆ ಉಬ್ಬಿದ್ದೂ ನಿಜ.

ನಾನು ಬಿ.ಎ. ಮುಗಿಸಿದ ಬೇಸಿಗೆಯಲ್ಲಿ ಭಾಲ್ಕಿಯಲ್ಲಿ ಒಂದು ಮದುವೆ. ಡಿಗ್ರಿ ಆದ ಮಗನನ್ನು ಎಲ್ಲರಿಗೂ ತೋರಿಸಬೇಕೆಂದು ಅಪ್ಪ ನನ್ನನ್ನೂ ಕರೆದೊಯ್ದ. ಹೆಣ್ಣು ಒಪ್ಪಿಸುವಾಗ ಇಟಲಿಯ ಹಾಡು ಬಾರಿಸಿದ. ಬೀಗರ ಪೈಕಿ ಮಿಲಿಟರಿ ಬ್ಯಾಂಡಿನಲ್ಲಿ ಬಾರಿಸಿ ನಿವೃತ್ತರಾದ ಹಿರಿಯರೊಬ್ಬರಿದ್ದರು. ಹತ್ತಿರ ಬಂದು, ಕೈ ಬಹಳ ಚೆನ್ನಾಗಿದೆ ಎಂದು ಹೊಗಳಿ, ಈ ಹಾಡು ಯಾಕೆ ಆರಿಸಿದಿರಿ ಎಂದು ಕೇಳಿದರು. ಅಪ್ಪ ಅರ್ಥ ಹೇಳಿದ. ಅವರು ನಕ್ಕುಬಿಟ್ಟರು.

"ಅಲ್ರಿ ಮಾಸ್ತರ, ಇದು ಗಂಡನ್ನ ಬಿಟ್ಟು ಹಡಗಿನವನ ಕೂಡ ಓಡಿಹೋದಾಕಿ ಹಾಡು. ಹುಡುಗಿ ಇನ್ನಾ ಹೊಸ್ತಿಲಾನೂ ದಾಟಿಲ್ಲ."

ಸುತ್ತ ಇದ್ದವರೂ ನಕ್ಕರು. ಅಪ್ಪ ಗಲಿಬಿಲಿಗೊಳ್ಳಲಿಲ್ಲ. "ನನ್ನ ಮಗ ಓದಿ ಹೇಳ್ಯಾನ್ರಿ. ಬಿ.ಎ. ಆಗ್ಯಾನ. ಅಂವ ತಪ್ಪು ಹೇಳಂಗಿಲ್ಲ."

ಎಲ್ಲರೂ ನನ್ನ ಕಡೆ ತಿರುಗಿದರು. ಇಸ್ತ್ರಿ ಅಂಗಿ ಹಾಕಿಕೊಂಡು ನಿಂತಿದ್ದೆ.

"ನಾ ಹಂಗ ಹೇಳಿಲ್ರಿ," ಅಂದೆ. "ಅಪ್ಪಗ ಓದಾಕ ಬರಂಗಿಲ್ಲ. ಒಂದಕ್ಕೊಂದು ಹಚ್ಚಿರ್ತಾನ."

ಅಪ್ಪ ನನ್ನ ಮುಖ ನೋಡಿದ, ಅರೆಗಳಿಗೆ ಅಷ್ಟೇ. "ಹೌದ್ರಿ," ಅಂದ ಆ ಹಿರಿಯರಿಗೆ. "ನಂದೇ ತಪ್ಪದ. ಮಗ ಬ್ಯಾರೆನೇ ಹೇಳಿದ್ದ."

ಊಟವಾದ ಮೇಲೆ ಆ ಹಿರಿಯರು ಪುಸ್ತಕ ತಿರುವಿ ಒಂದೊಂದು ಹಾಡಿನ ನಿಜವಾದ ಸಂಗತಿ ನನಗೆ ಹೇಳಿದರು. ಸುಳ್ಳು ನನ್ನದೇ ಎಂದು ಅವರಿಗೆ ಗೊತ್ತಾಗಿತ್ತೆಂದು ಕಾಣುತ್ತದೆ. ಮದುವೆ ಪತ್ರಿಕೆಯ ಬೆನ್ನ ಮೇಲೆ ಎಲ್ಲ ಬರೆದುಕೊಂಡೆ. ಬೀದರಿಗೆ ಹೋಗುವ ಬಸ್ಸಿನಲ್ಲಿ ಅಪ್ಪ ನನಗೆ ಕಿಟಕಿ ಕಡೆ ಜಾಗ ಬಿಟ್ಟು, ವಾದ್ಯವನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಎಂಟು ದಿನ ಆ ಪತ್ರಿಕೆ ನನ್ನ ಜೇಬಿನಲ್ಲೇ ಇತ್ತು. ಅಪ್ಪ ಪುಸ್ತಕ ಮುಟ್ಟಲಿಲ್ಲ. ಹಳೆಯ ಭಜನೆಗಳನ್ನೇ ಬಾರಿಸುತ್ತಿದ್ದ, ಅವುಗಳ ಅರ್ಥಕ್ಕೆ ಯಾರನ್ನೂ ಕೇಳಬೇಕಿರಲಿಲ್ಲ. ಒಂಬತ್ತನೆಯ ದಿನ ಬೆಳಿಗ್ಗೆ ಅವನು ಅಂಗಳದಲ್ಲಿ ವಾದ್ಯದ ಧೂಳು ಒರೆಸುತ್ತಿದ್ದಾಗ ಮುಂದೆ ಕೂತು, ನನಗೆ ಅವತ್ತು ಒಂದಕ್ಷರವೂ ತಿಳಿದಿರಲಿಲ್ಲ, ಎಲ್ಲ ಕಟ್ಟಿ ಹೇಳಿದ್ದೆ ಅಂದೆ. ಪತ್ರಿಕೆ ತೆಗೆದು ಓದತೊಡಗಿದೆ. ರಷ್ಯಾದ್ದು ಯುದ್ಧಕ್ಕೆ ಹೋದವನನ್ನು ಕಾಯುವವಳ ಹಾಡು. ಅಪ್ಪ ಒರೆಸುತ್ತಲೇ ಇದ್ದ. ನಾನು ಜರ್ಮನಿಯದನ್ನು ಬಿಟ್ಟು ಮುಂದಕ್ಕೆ ಹೋದೆ. ಅವನ ಕೈ ನಿಂತಿತು.

"ಇದ್ದಲಿ ಗೀಟಿಂದು ಓದಲಿಲ್ಲ."

ನಾನು ಪತ್ರಿಕೆಯನ್ನು ಮಡಿಚಿದೆ.

"ಅವ್ವನ ಮಣ್ಣಿನ ದಿನ ನಾ ಬಾರಿಸಿದ್ದು ಏನು?"

ಇನ್ನೊಂದು ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟು ಓದಿದ್ದರೂ ಅದೇ ಮೊದಲು ಬಂತು.

"ಕುಡಿದು ಕುಣಿಯೋ ಹಾಡಪ್ಪ. ಸುಗ್ಗಿ ಆದಮ್ಯಾಲ ಎಲ್ಲಾರೂ ಕೂಡಿ ಹಾಡ್ತಾರಂತ."

ಅಪ್ಪ ವಾದ್ಯದ ಗಾಳಿಚೀಲವನ್ನು ಮಡಿಕೆ ಮಡಿಕೆಯಾಗಿ ಒತ್ತಿ ಮುಚ್ಚಿದ. ಎರಡೂ ಕಡೆಯ ಚರ್ಮದ ಪಟ್ಟಿ ಬಿಗಿದ. ತಲೆ ಎತ್ತದೆ, ತನಗೆ ತಾನೇ ಹೇಳಿಕೊಂಡಂತೆ ಕೇಳಿದ.

"ನಾ ನಿಧಾನ ಬಾರಿಸಿದ್ದೆ, ಅಲ್ಲಾ?"

"ನಿಧಾನ ಬಾರಿಸಿದ್ದಿ," ಅಂದೆ. ಆ ಪುಸ್ತಕದ ಬಗ್ಗೆ ಬೇರೆಯವರ ಬಾಯಿಂದ ಪಡೆಯದೆ ನಾನೇ ಅವನಿಗೆ ಹೇಳಿದ ಮಾತುಗಳಲ್ಲಿ ನಿಜವಾದವು ಆ ಎರಡು ಪದಗಳೇ, ಅವೂ ಅಷ್ಟು ತಡವಾಗಿ.