ಮೂರನೆಯ ಬಾಗಿಲು ಕೂಡಿರಲಿಲ್ಲ

ಅಕ್ಕವ್ವಾ, ತಂಗೆವ್ವಾ, ಮೊಮ್ಮಕ್ಕಳಾದ ನಿಮ್ಮೆದುರು ಕೂತು ಇಷ್ಟು ಮಾತಾಡಲು ಈ ಆಯಿಗೆ ನಾಚಿಕೆ. ಅದಕ್ಕೇ ಬರೆಯುತ್ತಿದ್ದೇನೆ.

ಅಕ್ಕವ್ವಾ, ರಜೆಯೆಲ್ಲ ನೀನು ಲ್ಯಾಪ್‌ಟಾಪಿನ ಆಟದಲ್ಲಿ ಒಂದು ಆಕಾಶನೌಕೆ ಕಟ್ಟಿದೆ. ಎರಡು ತುಂಡಾಗಿ ಹಾರಿಸಿ, ಮೇಲೆ ತೇಲುವಾಗಲೇ ಕೂಡಿಸಬೇಕು. ಒಂದೊಂದಕ್ಕೂ ಮೂರು ದುಂಡು ಬಾಗಿಲು. ಮೂರೂ ಒಟ್ಟಿಗೆ ಕಚ್ಚಿಕೊಳ್ಳಬೇಕು. ನಾನು ಶೇಂಗಾ ಸುಲಿಯುತ್ತ ಓರೆಗಣ್ಣಿನಲ್ಲಿ ನೋಡುತ್ತಿದ್ದೆ. ಟಕ್, ಟಕ್ ಎಂದಿತು.

"ಕೂಡಿತು! ಇಂಜಿನ್ ಹಚ್ಚಿ ಮಂಗಳ ಗ್ರಹಕ್ಕ ಹೋಗೂಣು" ಎಂದೆ ನೀನು.

ಮೂರು ಬಾಗಿಲಿಗೆ ಎರಡೇ ಸದ್ದೇ? ನನಗೆ ನಂಬಿಕೆ ಬರಲಿಲ್ಲ.

ಮದುವೆಯಾಗಿ ಬಂದ ವರ್ಷ, ಅಣ್ಣಿಗೇರಿ ದಾರಿಯ ಎರೆ ಹೊಲದಲ್ಲಿ ಜೋಳ ಬಿತ್ತುವಾಗ ಕೂರಿಗೆಯ ಬಟ್ಟಲಿಗೆ ಕಾಳು ಬಿಡುವ ಕೆಲಸ ನನ್ನದಾಗಿತ್ತು. ಅಲ್ಲಿಂದ ಮೂರು ಕೊಳವೆಗಳಲ್ಲಿ ಕಾಳು ಇಳಿದು ಮೂರು ಸಾಲಿಗೆ ಬೀಳಬೇಕು. ಒಂದರಲ್ಲಿ ಹಸಿಮಣ್ಣು ಮೆತ್ತಿ, ಕಾಳು ಇಳಿಯುತ್ತಿಲ್ಲವೆಂದು ಅನುಮಾನ ಬಂತು. ಕೂರಿಗೆ ಹಿಡಿದವರು ಮಾವ. ಹೊಸ ಸೊಸೆ ನಾನು, ಬಾಯಿ ಬಿಡಲಿಲ್ಲ. ಮೊಳಕೆಯೊಡೆದಾಗ ಎರಡು ಸಾಲು ಹಸಿರು, ಒಂದು ಬೋಳು, ಹೊಲದ ಉದ್ದಕ್ಕೂ.

ಅದಕ್ಕೇ ನಿನ್ನನ್ನು ಕೇಳಿದೆ: "ಮೂರೂ ಕೂಡ್ಯಾವೇನಬೇ?"

"ಹಸರ ದೀಪ ಹತ್ತೇತಲ್ಲ ಆಯಿ!"

"ದೀಪ ಹತ್ತಿದ್ದು ಕಂಡೇತಿ. ಬಾಗಲಾ ಕೂಡಿದ್ದು ಕಂಡಿಲ್ಲ."

ತಂಗೆವ್ವಾ, ನೀನು ಕಿಸಕ್ಕನೆ ನಕ್ಕೆ: "ಆಯಿ ಹಾಲು ಮಾರೂ ಆಕಿನ್ನೂ ನಂಬಂಗಿಲ್ಲ, ರಾಕೆಟ್ ನಂಬ್ತಾಳೇನ!"

"ಒಂದು ಕೂಡದಿದ್ರ ಏನಾಕ್ಕೈತಿ?" ಎಂದು ಅಕ್ಕವ್ವನನ್ನೇ ಕೇಳಿದೆ.

"ಇಂಜಿನ್ ಹಚ್ಚಿದ ಕೂಡ್ಲೆ ತಿರುಚಿ ಮುರದು ಹೋಕ್ಕೈತಿ. ರಜಾದಾಗ ಮಾಡಿದ್ದೆಲ್ಲಾ ಹೋತು."

"ಹಂಗಾರ ಒಂದೊಂದ ಮುಟ್ಟಿ ನೋಡು."

ಅಕ್ಕವ್ವಾ, ಕೂಡಿದ ಬಾಗಿಲನ್ನು ಒತ್ತಿದರೆ ಬಿಡಿಸುವ ಗುಂಡಿ ಕಾಣುತ್ತದೆಂದು ನೀನೇ ಹೇಳಿದೆ. ಮೊದಲನೆಯದಕ್ಕೆ ಕಂಡಿತು, ಎರಡನೆಯದಕ್ಕೂ ಕಂಡಿತು. ಮೂರನೆಯದಕ್ಕೆ ಇಲ್ಲ. ಕೂಡದ್ದನ್ನು ಬಿಡಿಸುವುದೆಲ್ಲಿಂದ!

ನಿನ್ನ ಮುಖ ಸಣ್ಣದಾಯಿತು. ಎರಡನ್ನೂ ಬಿಡಿಸಿ, ಹಿಂದೆ ಸರಿಸಿ, ಕೂದಲೆಳೆಯಷ್ಟು ತಿರುಗಿಸಿ, ಮತ್ತೆ ಮೆಲ್ಲಗೆ ತಂದೆ. ಟಕ್, ಟಕ್. ಸ್ವಲ್ಪ ತಡೆದು ಇನ್ನೊಂದು ಟಕ್. ಆಮೇಲೂ ಮೂರನ್ನೂ ಒತ್ತಿಸಿ ನೋಡಿಯೇ ನಾನು ಇಂಜಿನ್‌ಗೆ ಒಪ್ಪಿದ್ದು. ನೌಕೆ ನೆಟ್ಟಗೆ ಹೋಯಿತು.

ಆ ಬೋಳು ಸಾಲಿನ ವಿಷಯ ನನಗೆ ಬಿತ್ತುವಾಗಲೇ ಅನುಮಾನವಿತ್ತೆಂದು ಮಾವನಿಗೆ ಹೇಳಲಿಲ್ಲ, ನಿಮ್ಮಜ್ಜನಿಗೂ ಹೇಳಲಿಲ್ಲ. ಈಗ ಈ ಹಾಳೆಯಲ್ಲಿ ಹೇಳಿದ್ದೇನೆ. ಇದನ್ನು ಶೇಂಗಾ ಕಟ್ಟಲು ಹರಿಯಬೇಡಿರಿ. ಟ್ರಂಕಿನಲ್ಲಿ ನನ್ನ ಇಳಕಲ್ ಸೀರೆಯ ಕೆಳಗೆ ಇಡಿರಿ. ಇಟ್ಟಿದ್ದೇವೆ ಎಂದರೆ ನಂಬುವುದಿಲ್ಲ, ತೆಗೆದು ನೋಡುತ್ತೇನೆ.