ಬೆಲ್ಲದ ಮಂಡಿಯ ತಿರುಗುಣಿ

ಮಂಡ್ಯಕ್ಕೆ ನಾಲೆಯ ನೀರು ಬಂದು, ಎತ್ತ ನೋಡಿದರೂ ಕಬ್ಬು ಎದ್ದು ನಿಂತಿದ್ದ ಕಾಲ ಅದು. ಮೂವತ್ತರ ದಶಕ ಅರ್ಧ ಕಳೆದಿತ್ತು. ನಾವು ಮಳವಳ್ಳಿಯ ಬಡಗಿಗಳು, ಅಪ್ಪ ಮತ್ತು ನಾನು. ಮಂಡ್ಯದಲ್ಲಿ ಬೆಲ್ಲದ ಮಂಡಿ ಕಟ್ಟಿಸುತ್ತಿದ್ದ ಸಾಹುಕಾರರೊಬ್ಬರು ಅಪ್ಪನಿಗೆ ಹೇಳಿಕಳಿಸಿದರು: ತುಂಬಿದ ಗಾಡಿ ಸಲೀಸಾಗಿ ಒಳಹೋಗುವಂಥ ಜೋಡಿ ಕದ ಬೇಕು, ಬಂದು ಮಾಡಿಕೊಡಿ. ನನಗಾಗ ಇಪ್ಪತ್ತೆಂಟು ವರ್ಷ. ಎರಡು ಮಕ್ಕಳ ತಂದೆಯಾಗಿದ್ದರೂ ಅಪ್ಪನ ಮುಂದೆ ಮಾತ್ರ ಇನ್ನೂ ಉಜ್ಜುಗೊರಡು ಎಳೆಯುವ ಆಳು. ಆ ಸಿಟ್ಟು ಸದಾ ನನ್ನ ಮೂಗಿನ ತುದಿಯಲ್ಲೇ ಇರುತ್ತಿತ್ತು.

ಅಪ್ಪನಿಗಿದ್ದದ್ದು ಒಂದೇ ಹೆಮ್ಮೆ. ಅವನ ಕೈಯಿಂದ ಹೋದ ಬಾಗಿಲು ಯಾವತ್ತೂ ರಿಪೇರಿಗೆಂದು ಅವನನ್ನು ಮತ್ತೆ ಕರೆಸಿದ್ದಿಲ್ಲ. ಮದ್ದೂರಿಂದ ಮಳವಳ್ಳಿವರೆಗೆ ಯಾರನ್ನಾದರೂ ಕೇಳಿ ನೋಡು ಅನ್ನುತ್ತಿದ್ದ. ಸಾರಿಗೆ ಉಪ್ಪಿಲ್ಲದಿದ್ದರೂ ಸುಮ್ಮನೆ ಉಣ್ಣುತ್ತಿದ್ದ ಮನುಷ್ಯ, ತನ್ನ ಬಾಗಿಲಿನ ಮೇಲೆ ಒಂದು ಮಾತು ಬಂದರೆ ಎರಡು ದಿನ ಊಟ ಬಿಡುತ್ತಿದ್ದ.

ಕದ ಕೂರಿಸುವುದು ಹೇಗೆ ಅನ್ನುವಲ್ಲಿಂದ ನಮ್ಮ ಜಗಳ ಶುರುವಾಯಿತು. ನಾನು ಬೆಂಗಳೂರಿಗೆ ಹೋಗಿ ಬಂದವನು. ಅಲ್ಲಿನ ಅಂಗಡಿಗಳಲ್ಲಿ ಕಬ್ಬಿಣದ ಕೀಲು ನೋಡಿದ್ದೆ. ಚೌಕಟ್ಟಿಗೆ ತಿರುಪು ಹಾಕಿ ಕದ ತೂಗಿಬಿಟ್ಟರೆ ಮುಗಿಯಿತು, ಎಷ್ಟು ಚೆಂದ! ಅಪ್ಪನದು ಹಳೆಯ ತಿರುಗುಣಿ: ಕದದ ಒಂದು ಅಂಚಿಗೆ ಮೇಲೊಂದು ಗೂಟ, ಕೆಳಗೊಂದು ಗೂಟ. ಮೇಲಿನದು ಚೌಕಟ್ಟಿನ ತೂತಿನಲ್ಲಿ, ಕೆಳಗಿನದು ನೆಲದ ಕಲ್ಲಿನ ಕುಳಿಯಲ್ಲಿ ನಿಂತು ತಿರುಗುತ್ತದೆ. ನಮ್ಮ ಹಟ್ಟಿಗಳ ಬಾಗಿಲೆಲ್ಲ ಹಾಗೇ. ಪಟ್ಟಣದ ಮಂಡಿಗೂ ಅದೇ ಹಳ್ಳಿ ಬಾಗಿಲೇ ಅಂತ ನನಗೆ ನಾಚಿಕೆ.

ಅಪ್ಪ ವಾದಕ್ಕೆ ಇಳಿಯಲಿಲ್ಲ. ನನ್ನನ್ನು ಕರೆದುಕೊಂಡು ಹೋಗಿ, ಒಂದು ಅಕ್ಕಿ ಗೋದಾಮಿನ ಎದುರು ಜಗಲಿಯ ಮೇಲೆ ಬೆಳಗಿನಿಂದ ಸಂಜೆವರೆಗೆ ಕೂರಿಸಿದ. ದೊಡ್ಡ ಬಾಗಿಲು ಮಾಡುವ ಮುಂಚೆ ಅದು ಅವನ ಪದ್ಧತಿ. ಮರ ಮುಟ್ಟುವ ಮೊದಲು ಜನ ನೋಡಬೇಕು. ಹೆಗಲ ಮೇಲೆ ಮೂಟೆ ಹೊತ್ತ ಹಮಾಲಿ ಕೈಯಿಂದ ಬಾಗಿಲು ತೆಗೆಯುವುದಿಲ್ಲ, ಮೊಣಕಾಲಲ್ಲಿ ಒದೆಯುತ್ತಾನೆ. ಗಾಡಿಯ ಅಚ್ಚು ಹೋಗುವಾಗೊಮ್ಮೆ ಬರುವಾಗೊಮ್ಮೆ ಕದಕ್ಕೆ ಗುದ್ದುತ್ತದೆ. ಆ ಗೋದಾಮಿಗೆ ನನ್ನ ಮೆಚ್ಚಿನ ಕೀಲುಗಳೇ ಇದ್ದವು. ವರ್ಷ ತುಂಬುವ ಮುಂಚೆಯೇ ತಿರುಪು ಸಡಿಲವಾಗಿ, ಕದ ಜೋತುಬಿದ್ದು ನೆಲ ಕೆರೆಯುತ್ತಿತ್ತು.

"ನೋಡ್ದೇನ್ಲಾ? ಭಾರಾನ ಗ್ವಾಡೆ ಮ್ಯಾಲೆ ಆಕುದ್ರೆ ಗ್ವಾಡೆ ಎಷ್ಟ್ ದಿನ ತಡ್ದಾತು? ನೆಲುದ್ ಮ್ಯಾಲೆ ಆಕು. ನೆಲ ಎಲ್ಗೂ ಓಗಕಿಲ್ಲ" ಅಂದ ಅಪ್ಪ.

ಮನಸ್ಸು ಒಪ್ಪದಿದ್ದರೂ ತಿರುಗುಣಿಯೇ ಆಗಲಿ ಅಂದೆ. ಮತ್ತಿ ಮರದ ಕದ, ಒಂದೊಂದನ್ನು ಎತ್ತುವುದಕ್ಕೆ ಐದಾಳು ಬೇಕು. ಗೂಟಗಳಿಗೆ ಮದ್ದೂರಿನ ಕುಲುಮೆಯಲ್ಲಿ ಕಬ್ಬಿಣದ ಕವಚ ಮಾಡಿಸಿದೆವು. ಕೂರಿಸಿದ ದಿನ ಸಾಹುಕಾರರು ಒಂದೇ ಬೆರಳಿನಲ್ಲಿ ತಳ್ಳಿದರು. ಕದ ಸದ್ದಿಲ್ಲದೆ ಹೋಗಿ ಗೋಡೆಗೆ ಒರಗಿತು. ಸಂತೋಷವಾಗಿ, ಬೀದಿಯ ಉದ್ದಕ್ಕೂ ಕಟ್ಟಿಸಲಿರುವ ಅಂಗಡಿಗಳ ಬಾಗಿಲೆಲ್ಲ ನಿಮ್ಮದೇ ಎಂದರು. ಅಪ್ಪ ಊರಿಗೆ ಹೊರಡುವಾಗ ಮಂಡಿಯ ಕಾವಲುಗಾರನಿಗೆ ಒಂದು ಮಾತು ಹೇಳಿದ. ಶುಕ್ರವಾರ ಹೊಸ್ತಿಲಿಗೆ ಅರಿಶಿನ ಕುಂಕುಮ ಇಡುವಾಗ ಕುಳಿಗೆ ಒಂದು ತೊಟ್ಟು ಹರಳೆಣ್ಣೆ ಬಿಡು, ಹೆಚ್ಚು ಬೇಡ. ನಮ್ಮ ಮನೆಗಳಲ್ಲಿ ಹೆಂಗಸರು ಮಾಡುವುದೂ ಅಷ್ಟೇ.

ಉಳಿದ ಸಣ್ಣಪುಟ್ಟ ಕೆಲಸಕ್ಕೆ ನಾನೊಬ್ಬನೇ ಅಲ್ಲಿ ಉಳಿದೆ. ಮನೆ ಬಾಗಿಲು ಹತ್ತು ಸಲ ತಿರುಗಿದರೆ ಇದು ಸಾವಿರ ಸಲ ತಿರುಗುತ್ತದೆ, ಒಂದು ತೊಟ್ಟು ಎಲ್ಲಿಗೆ ಸಾಲುತ್ತದೆ ಅನ್ನಿಸಿತು. "ದಿನಾ ಬೆಳಿಗ್ಗೆ ಒಂದು ಸೌಟು ಉಯ್ಯಿ" ಅಂತ ಕಾವಲುಗಾರನಿಗೆ ನಾನೇ ಹೇಳಿದೆ. ನಾನೂ ಬುದ್ಧಿವಂತ ಅಂತ ತೋರಿಸಬೇಕಿತ್ತಲ್ಲ.

ಕೆಲಸ ಮುಗಿಸಿ ನಾನೂ ಊರು ಸೇರಿ ಎರಡು ತಿಂಗಳು ಕಳೆದವು. ಆಲೆಮನೆಗಳಿಂದ ಬೆಲ್ಲ ಬರುವ ಭರಾಟೆಯ ದಿನ, ಗಾಡಿಗಳು ಸಾಲಾಗಿ ನಿಂತಿವೆ, ಕದ ಮಿಸುಕಲಿಲ್ಲ. ನಾಲ್ವರು ಹಮಾಲಿಗಳು ಹೆಗಲು ಕೊಟ್ಟು ನೂಕಿದರು. ಕೆಳಗಿನ ಗೂಟ ಕುಳಿಯಿಂದ ಎಗರಿ ಒಬ್ಬನ ಕಾಲ ಹೆಬ್ಬೆರಳ ಮೇಲೆ ಕೂತಿತು. ನಮ್ಮಿಬ್ಬರಿಗೂ ಕರೆ ಬಂತು. ನಾವು ಹೋದಾಗ ಅವನು ಕಾಲಿಗೆ ಬಟ್ಟೆ ಸುತ್ತಿಕೊಂಡು ಕೂತಿದ್ದ.

"ಇದ್ಯಾನ್ ಕದವೋ ಯಮನೋ ಯೋಳ್ಬುಡಪ್ಪ" ಅಂದ.

ಅಪ್ಪನ ಮುಖ ಇಳಿದುಹೋಯಿತು. ಸಾಹುಕಾರರು ಮಾತಾಡುವ ಮುಂಚೆಯೇ ನಾನು ಅಷ್ಟೂ ಜನರ ಮುಂದೆ ಅಂದುಬಿಟ್ಟೆ: "ಕೀಲು ಆಕಾನ ಅಂತ ಬಡ್ಕಂಡೆ. ಮುದುಕ್ರು ಕೇಳ್ಬೇಕಲ್ಲ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಪ್ಪ ಮೇಲುಬಟ್ಟೆ ಕೊಡವಿಕೊಂಡು ಬಸ್ಸಿನ ಕಡೆ ನಡೆದ. ಊರಲ್ಲಿ ಅವನು ಉಳಿ ಮುಟ್ಟುತ್ತಿಲ್ಲ, ಸರಿಯಾಗಿ ಉಣ್ಣುತ್ತಲೂ ಇಲ್ಲ ಅಂತ ಮೂರು ದಿನದ ಮೇಲೆ ನನ್ನ ಹೆಂಡತಿ ಹೇಳಿಕಳಿಸಿದಳು.

ಆ ಸುದ್ದಿ ಬಂದಾಗ ನಾನು ಮಂಡಿಯಲ್ಲಿ ಕುಳಿಯನ್ನು ಕೆರೆಯುತ್ತಾ ಕೂತಿದ್ದೆ. ಒಳಗೆ ಕಪ್ಪಗೆ ಅಂಟು, ಉಳಿ ಹಾಕಿದರೆ ಉಳಿಯೇ ಕಚ್ಚಿಕೊಳ್ಳುತ್ತದೆ. ಮೂಸಿದೆ, ಬೆಲ್ಲ. ಬೆಲ್ಲದ ಅಚ್ಚುಗಳಿಂದ ಉದುರಿದ ಪುಡಿ ದಿನಾ ಕುಳಿಗೆ ಬಿದ್ದು, ನನ್ನ ಸೌಟು ಎಣ್ಣೆಯಲ್ಲಿ ಕಲಸಿ ಗಟ್ಟಿಯಾಗಿತ್ತು. ತಿರುಗುಣಿಯ ತಪ್ಪಲ್ಲ. ಅಪ್ಪನ ತಪ್ಪಂತೂ ಅಲ್ಲವೇ ಅಲ್ಲ. ಅಲ್ಲೇ ನೆಲದ ಮೇಲೆ ಕೂತು ಅತ್ತೆ, ನಾಚಿಕೆಯಿಂದ.

ಮಳವಳ್ಳಿಗೆ ಹೋಗಿ ಅಪ್ಪನ ಕಾಲು ಹಿಡಿದೆ. ಎಲ್ಲವನ್ನೂ ಹೇಳಿದೆ. ಸಾಹುಕಾರರ ಮುಂದೆ, ಹಮಾಲಿಗಳ ಮುಂದೆ, ತಪ್ಪು ನನ್ನದೇ ಅಂತ ನಾನೇ ಒಪ್ಪಿಕೊಳ್ಳುತ್ತೇನೆ ಅಂತ ಮಾತು ಕೊಟ್ಟೆ.

ಅವನು ನನ್ನನ್ನು ಎಬ್ಬಿಸಿ ಎದುರು ಕೂರಿಸಿಕೊಂಡ. ಆಮೇಲೆ ಪಕ್ಕದಲ್ಲಿದ್ದ ತೆಂಗಿನ ಚಿಪ್ಪೊಂದನ್ನು ತೆಗೆದು ತನ್ನ ಹೆಬ್ಬೆರಳ ಮೇಲೆ ಕವುಚಿ ತಿರುಗಿಸಿದ.

"ನಂದೂ ಒಂದ್ ಐಬು ಅದೆ ಕಣ್ಲಾ. ಅಕ್ಕಿ ಗೋದಾಮು ನೋಡ್ದೆ, ಬೆಲ್ಲ ಉದುರ್ತದೆ ಅನ್ನದ ಮರ್ತೆ. ಮ್ಯಾಕ್ ಬಾಯ್ ಬುಟ್ಕಂಡಿರೋ ಕುಳಿಗೆ ಕಸ ಬೀಳದೆ ಇರ್ತದಾ? ಗೂಟವ ಕಲ್ಲಿಗೆ ನೆಡಾನ, ಕುಳಿಯ ಕದುಕ್ ಕೂರ್ಸಾನ. ಆಗ ಒಂದ್ ಚೂರೂ ಒಳಿಕ್ ಓಗಕಿಲ್ಲ."

ಎಷ್ಟು ಸುಲಭ! ಮದ್ದೂರಿನ ಕುಲುಮೆಯಲ್ಲಿ ನೆಲಕ್ಕೆ ನೆಡುವ ದಪ್ಪ ಗೂಟ, ಅದರ ಮೇಲೆ ಕೂರುವ ಬಟ್ಟಲು ಎರಡನ್ನೂ ಹೊಸದಾಗಿ ಮಾಡಿಸಿದೆವು. ಭಾರ ನೆಲದ ಮೇಲೇ ಉಳಿಯಿತು, ಬಟ್ಟಲು ಮಾತ್ರ ಬೋರಲು. ಕದ ಕೂರಿಸಿದ ದಿನ ಹೆಬ್ಬೆರಳು ಜಜ್ಜಿಸಿಕೊಂಡಿದ್ದ ಹಮಾಲಿಯೇ ಮೊದಲು ಮೊಣಕಾಲಲ್ಲಿ ಒದ್ದು ನೋಡಿದ. ಕದ ಹಗುರಾಗಿ ತಿರುಗಿತು. ಎಲ್ಲರೂ ನಕ್ಕರು. ಆದರೆ ಮಂಡಿಯ ಎಣ್ಣೆಯ ಲೆಕ್ಕ ನೋಡಿದ್ದ ಸಾಹುಕಾರರು ನಗಲಿಲ್ಲ.

"ದಿನಾ ಒಂದು ಸೌಟು ಎಣ್ಣೆ ಹುಯ್ಯೋಕೆ ಹೇಳಿದವರು ಯಾರು? ಅಷ್ಟೂ ತಿಳಿಯದವರ ಕೈಗೆ ನಾನು ಬೀದಿಯ ಬಾಗಿಲುಗಳನ್ನೆಲ್ಲ ಕೊಡೋದು ಹೇಗೆ?"

ಕಾವಲುಗಾರ ನನ್ನ ಮುಖ ನೋಡಿದ. ಹೇಳಬೇಕಾದ ಹೊತ್ತು ಅದೇ. ಬಾಯಿ ತೆರೆದೆ. ಆ ಅಂಗಡಿಗಳ ಬಾಗಿಲೆಲ್ಲ ಕೈತಪ್ಪುತ್ತವಲ್ಲ ಅನ್ನುವ ಯೋಚನೆ ಒಂದು ಕ್ಷಣ ಬಂತು. ಒಂದೇ ಕ್ಷಣ.

"ನಾನೇ ಬುದ್ದಿ" ಅಂದ ಅಪ್ಪ. "ವಯ್ಸಾಯ್ತು. ಕೈ ಅಳ್ತೆ ತಪ್ಪೋಯ್ತದೆ."

"ಹಾಗಾದರೆ ಮಿಕ್ಕಿದ್ದನ್ನು ಮಗನೇ ನೋಡಿಕೊಳ್ಳಲಿ. ನೀವು ಇನ್ನು ಕೈ ಹಾಕಬೇಡಿ" ಅಂದರು ಸಾಹುಕಾರರು.

"ಊ ಬುದ್ದಿ. ಅಂಗೇ ಆಗ್ಲಿ."

ನಾನು ತೆರೆದ ಬಾಯಿ ಮುಚ್ಚಿಕೊಂಡೆ. ಬೀದಿಯ ಉದ್ದಕ್ಕೂ ಅಂಗಡಿಗಳ ಬಾಗಿಲೆಲ್ಲ ನಾನೇ ಮಾಡಿದೆ, ಎಲ್ಲದಕ್ಕೂ ಬೋರಲು ಬಟ್ಟಲಿನ ತಿರುಗುಣಿ. ಜನ ನನ್ನ ಕೈಚಳಕ ಅಂತ ಹೊಗಳಿದರು. ಅಪ್ಪ ಆಮೇಲೆ ಮಂಡ್ಯಕ್ಕೆ ಬರಲಿಲ್ಲ. ಬಂದು ನೋಡು ಅಂತ ಕರೆಯುವುದಕ್ಕೆ ನನಗೆ ಮುಖವಿರಲಿಲ್ಲ.