ಅಮೀನಕಾಕಾನ ಚೂರಿ

ಮಸ್ಕಿಯ ಅಮೀನ್‌ಸಾಬನ ಚೂರಿಯ ತುದಿ ಮುರಿದವನು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ನಾನು ಅಂಗಡಿಯವರನ್ನೆಲ್ಲ ಬೈಯುವುದಿದೆ, ಆಗ ನನ್ನನ್ನು ಯಾರೂ ದೊಡ್ಡ ಸಾಚಾ ಮನುಷ್ಯ ಅಂದುಕೊಳ್ಳಬಾರದು.

ಸಿಂಧನೂರಿನಲ್ಲಿ ನನ್ನದು ಬತ್ತಾಸು, ಸಕ್ಕರೆ ಗೊಂಬೆಯ ಅಂಗಡಿ. ಗೌರಿ ಹುಣ್ಣಿಮೆ ಬಂತೆಂದರೆ ಗಂಡಿನ ಕಡೆಯವರು ಮದುವೆ ಗೊತ್ತಾದ ಹುಡುಗಿಗೆ ಸಕ್ಕರೆ ಆರತಿ ಒಯ್ಯುತ್ತಾರೆ. ಆನೆ, ನವಿಲು, ಗಿಳಿ, ಬಸವಣ್ಣ, ಎಲ್ಲ ಸಕ್ಕರೆಯವೇ. ಅವನ್ನು ಎರೆಯುವ ಸಾಗವಾನಿ ಅಚ್ಚುಗಳನ್ನು ನಮ್ಮಪ್ಪನಿಗೆ ಅಮೀನಕಾಕಾನ ಅಪ್ಪ ಕೊರೆದುಕೊಡುತ್ತಿದ್ದ. ನನಗೆ ಕಾಕಾ ಕೊರೆದುಕೊಡುತ್ತಾನೆ.

ಕಾಕಾನಿಗೆ ಅರವತ್ತಾರು. ಕನ್ನಡಕದ ಒಂದು ಕಡ್ಡಿಗೆ ದಾರ ಸುತ್ತಿದ್ದಾನೆ. ಹೊಟ್ಟೆಪಾಡಿಗೆ ಬಾಗಿಲ ಚೌಕಟ್ಟು, ಮಂಚ ಮಾಡುತ್ತಾನಾದರೂ ಜೀವ ಇರುವುದು ಅಚ್ಚಿನಲ್ಲಿ. ಅಚ್ಚಿನಲ್ಲಿ ಎಲ್ಲ ತಿರುವುಮುರುವು. ಗೊಂಬೆಯಲ್ಲಿ ಉಬ್ಬಬೇಕಾದದ್ದು ಇಲ್ಲಿ ತಗ್ಗು, ಬಲಗಿವಿ ಇಲ್ಲಿ ಎಡಕ್ಕೆ. ಕೊರೆಯುತ್ತ ಕೊರೆಯುತ್ತ ಗೋಧಿ ಕಣಕವನ್ನು ತಗ್ಗಿಗೆ ಒತ್ತಿ ತೆಗೆದು, ಮೂಡಿದ್ದನ್ನು ಬಿಸಿಲಿಗೆ ಹಿಡಿದು ನೋಡುತ್ತಾನೆ. ಸಕ್ಕರೆ ಕಾಯಿಲೆ ಹಿಡಿದು ಹನ್ನೆರಡು ವರ್ಷವಾಯಿತು. ತಾನು ಕೊರೆದ ಆನೆಯ ಬಾಲದ ಚೂರನ್ನೂ ಬಾಯಿಗೆ ಹಾಕುವವನಲ್ಲ.

ಅವನ ಚೂರಿ ಅಪ್ಪನ ಕಾಲದ್ದು. ಬೆರಳುದ್ದದ ಅಲಗು, ಹುಣಸೆ ಕಟ್ಟಿಗೆಯ ಹಿಡಿ. ಹಿಡಿಯಲ್ಲಿ ಎರಡು ತಲೆಮಾರಿನ ಹೆಬ್ಬೆರಳು ಊರಿ ಗುಣಿ ಬಿದ್ದಿತ್ತು. ಅದನ್ನು ಅವನ ಹೆಂಡತಿ ಖಾತೂನ್‌ಬೀ ಕೂಡ ಮುಟ್ಟುತ್ತಿರಲಿಲ್ಲ.

ಮುಟ್ಟಿದವನು ನಾನು. ಹೋದ ಶ್ರಾವಣದಲ್ಲಿ ನನ್ನ ಆನೆಯ ಅಚ್ಚು ಸವೆದಿದೆಯೆಂದು ಹೊಸದಕ್ಕೆ ಅಳತೆ ತೆಗೆಯಲು ಕಾಕಾ ಸಿಂಧನೂರಿಗೆ ಬಂದಿದ್ದ. ಮಧ್ಯಾಹ್ನದ ನಮಾಜಿಗೆ ಹೋಗುವಾಗ ಚೂರಿಯನ್ನು ಅರಿವೆಯಲ್ಲಿ ಸುತ್ತಿ ನನ್ನ ಗಲ್ಲಾದ ಪಕ್ಕ ಇಟ್ಟ. ನಾನು ಅವಸರದಲ್ಲಿದ್ದೆ. ಪಾಕ ಎರೆಯುವ ಮೊದಲು ಅಚ್ಚು ಮೂರು ತಾಸು ನೀರಿನಲ್ಲಿ ನೆನೆಯಬೇಕು, ಇಲ್ಲದಿದ್ದರೆ ಸಕ್ಕರೆ ಕಟ್ಟಿಗೆಯನ್ನು ಕಚ್ಚಿಕೊಳ್ಳುತ್ತದೆ. ನಮ್ಮ ಮನೆಯಲ್ಲಿ ಹುಟ್ಟಿದ ಕೂಸಿಗೂ ಇದು ಗೊತ್ತು. ನಾನು ಹಳೆಯ ಅಚ್ಚನ್ನು ಒಂದು ಸಲ ಅದ್ದಿ ತೆಗೆದು ಪಾಕ ಸುರಿದೆ. ಆನೆ ಬಂತು, ಸೊಂಡಿಲು ಒಳಗೇ ಉಳಿಯಿತು. ಕೈಗೆ ಸಿಕ್ಕಿದ್ದು ಕಾಕಾನ ಚೂರಿ. ಹಾಕಿ ಮೀಟಿದೆ. ಟಕ್ ಎಂದಿತು. ತುದಿಯನ್ನು ಚರಂಡಿಗೆ ಎಸೆದು, ಚೂರಿಯನ್ನು ಹಾಗೇ ಅರಿವೆಯಲ್ಲಿ ಸುತ್ತಿಟ್ಟೆ. ಥೂ, ನೆನೆಸಿಕೊಂಡರೆ ಈಗಲೂ ಬಾಯಿ ಕಹಿಯಾಗುತ್ತದೆ.

ಕಾಕಾ ಬಿಚ್ಚಿ ನೋಡದೆ ಒಯ್ದ. ಸಂಜೆ ಫೋನು ಬಂತು.

"ಪಂಪಣ್ಣ, ಚೂರಿ ತುದಿ ಮುರದೈತಲ್ಲೋ."

"ಬಸ್ಸಿನಾಗ ಎಲ್ಲ್ಯಾರ ಬಡದಿರಬೇಕು ಕಾಕಾ. ಗದ್ದಲ ಭಾಳ ಇರತೈತಿ. ನೀ ಚಿಂತಿ ಮಾಡಬ್ಯಾಡ, ಚಲೋದು ಹೊಸಾದು ನಾ ಕೊಡಸ್ತೀನಿ."

ಸುಳ್ಳಿನ ಜೊತೆಗೆ ದೊಡ್ಡಸ್ತಿಕೆ ಬೇರೆ. ಕಾಕಾ "ಆತು" ಅಂದ.

ಒಳ್ಳೆಯ ಚೂರಿ ಸಿಗದಿದ್ದರೆ ಹೊಸ ಆನೆ ಇಲ್ಲ. ಆನೆ ಇಲ್ಲದ ಸಕ್ಕರೆ ಆರತಿಯನ್ನು ಯಾವ ಬೀಗರೂ ಒಯ್ಯುವುದಿಲ್ಲ. ಹೈದರಾಬಾದಿನಿಂದ ಪ್ಲಾಸ್ಟಿಕ್ ಅಚ್ಚು ಬರುತ್ತವೆ. ಅವುಗಳಲ್ಲಿ ಎರೆದದ್ದು ಆನೆಯೋ ಹಂದಿಯೋ ದೇವರಿಗೇ ಗೊತ್ತು. ಅದನ್ನು ಹುಡುಗಿಯ ಮಡಿಲಿಗೆ ಹಾಕುವುದಕ್ಕಿಂತ ಅಂಗಡಿ ಮುಚ್ಚುವುದು ಮೇಲು.

ಮೊದಲು ನಾನೂ ಕಾಕಾನೂ ನಮ್ಮೂರಿನ ದೊಡ್ಡ ಹಾರ್ಡ್‌ವೇರ್ ಅಂಗಡಿಗೆ ಹೋದೆವು. ಮಾಲೀಕ ರಾಜೇಶ ಕನ್ನಡಿಯಂತೆ ಹೊಳೆಯುವ ಚೂರಿ ತೆಗೆದ.

"ಇಂಪೋರ್ಟೆಡ್ ಸ್ಟೀಲ್ ರೀ. ಜಂಗು ಹಿಡಿಯಂಗಿಲ್ಲ, ಗ್ಯಾರಂಟಿ."

ಕಾಕಾ ಕಿಸೆಯಿಂದ ಕಟ್ಟಿಗೆಯ ತುಂಡೊಂದನ್ನು ತೆಗೆದು ಅದರ ಎಳೆಗೆ ಅಡ್ಡಲಾಗಿ ಕೊಯ್ದ. ಕಟ್ಟಿಗೆ ಕೊಯ್ದುಹೋಗಲಿಲ್ಲ, ಹಿಂಜಿ ಹೋಯಿತು. ಅಲಗನ್ನು ಉಗುರಿನ ಮೇಲೆ ಎಳೆದು ನೋಡಿದರೆ ಅದರ ಹರಿತ ಬಾಯಿ ಆಗಲೇ ಮಡಚಿತ್ತು.

"ಹೊಳಪು ನೋಡಿ ಏನ್ ಮಾಡ್ತಿ ಪಂಪಣ್ಣ. ಕೊಯ್ದ ಜಾಗಾ ಹೊಳೀಬೇಕು," ಅಂದ.

ನಾನು ರಾಜೇಶನ ಮೇಲೆ ಹರಿಹಾಯ್ದೆ. ಮೇಲೆಲ್ಲ ಥಳುಕು, ಒಳಗೆಲ್ಲ ಹುಳುಕು, ನಾಚಿಕೆ ಆಗುವುದಿಲ್ಲವೇ ಮಂದಿಗೆ ಮೋಸ ಮಾಡಲು, ಎಂದೆಲ್ಲ ಕೂಗಾಡಿದೆ. ಮೋಸದ ಮಾತು ಆಡಲು ನನಗೆ ಆವತ್ತು ನಾಲಗೆ ಹೇಗೆ ಹೊರಳಿತೋ.

ಆಮೇಲೆ ಮೊಬೈಲಿನಲ್ಲಿ ಹನ್ನೆರಡು ಚೂರಿಗಳ ಸೆಟ್ ತರಿಸಿ ಮಸ್ಕಿಗೆ ಒಯ್ದೆ. ಮಖಮಲ್ಲಿನ ಪೆಟ್ಟಿಗೆ ತೆರೆದರೆ ಸುಟ್ಟ ಟೈರಿನ ವಾಸನೆ ಗಪ್ಪೆಂದು ಬಂತು. ಅಲಗಿಗೆ ಬಳಿದ ಎಣ್ಣೆ ಕೈಗೆ ಗೊಣ್ಣೆಯಂತೆ ಅಂಟಿತು. ಕಾಕಾ ಒಂದು ಹಿಡಿಯನ್ನು ಅಲ್ಲಾಡಿಸಿದ. ಅದು ಹಾಲುಹಲ್ಲಿನಂತೆ ಅಲುಗಿ ಕೈಗೇ ಬಂತು. ಕಬ್ಬಿಣ ಹಿಡಿಯೊಳಗೆ ಒಂದು ಇಂಚೂ ಹೋಗಿರಲಿಲ್ಲ. ಹನ್ನೊಂದನ್ನು ಹೆಂಡತಿಗೆ ಕೊಟ್ಟು, "ಬದ್ನಿಕಾಯಿಗೆ ಬರ್ತಾವೇನು ನೋಡು," ಅಂದ.

ಖಾತೂನ್‌ಬೀ ಚಹಾ ಇಟ್ಟಳು. ಕಾಕಾನದು ಸಪ್ಪೆ ಚಹಾ.

"ಅಣ್ಣಾರ, ಆವತ್ತ ಇವ್ರು ನಿಮ್ಮೂರಿಂದ ಬಂದ್ರಲ್ಲ, ಆ ಚೂರಿ ಅರಿವಿಗೆ ಇರಿವಿ ಮುತ್ತಿದ್ವು ನೋಡ್ರಿ. ಚೂರಿಗೆ ಇರಿವಿ ಬರೋದು ನಾ ಎಂದೂ ನೋಡಿದ್ದಿಲ್ಲ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ತಟ್ಟನೆ, "ಮಳಿಗಾಲ ಅಲ್ರೀ ಕಾಕಿ, ಎಲ್ಲಾ ಕಡಿ ಇರಿವಿ," ಎಂದೆ. ಕಾಕಾ ಬಸಿಯಲ್ಲಿ ಚಹಾ ಆರಿಸುತ್ತಿದ್ದ, ತಲೆ ಎತ್ತಲಿಲ್ಲ.

ಕೊನೆಗೆ ಲಿಂಗಸುಗೂರಿಗೆ ಹೋದೆವು. ಅಲ್ಲಿ ಕರೀಂಸಾಬ್ ಎಂಬವನು ತಗಡಿನ ಚಪ್ಪರದಲ್ಲಿ ಕುಡುಗೋಲು, ಕುರ್ಪಿ ಬಡಿಯುತ್ತಾನೆ. ಕಾಕಾ ಅವನ ಗುಜರಿ ರಾಶಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಒಂದೊಂದೇ ತುಂಡನ್ನು ಕಲ್ಲಿಗೆ ಬಡಿದು ಕಿವಿಗೊಟ್ಟ. ಅರ್ಧ ತಾಸಿನ ಮೇಲೆ, ಕಬ್ಬಿಣ ಉಜ್ಜುವ ಹಳೆಯ ಕಾನಸೊಂದನ್ನು ಎತ್ತಿಕೊಂಡ.

"ಇದರಾಗ ಮಾಡು. ಬೆನ್ನು ದಪ್ಪ ಇರಲಿ. ಭಾಳ ಬಿರುಸು ಬಿಡಬ್ಯಾಡ, ಗಾಜಿನಂಗ ಸಿಡೀತೈತಿ. ಮೆತ್ತಗಾದ್ರ ಮಡಚತೈತಿ."

ಕರೀಂಸಾಬ್ ಕಾಸಿ, ಬಡಿದು, ಎಣ್ಣೆಯಲ್ಲಿ ಅದ್ದಿದ. ಮತ್ತೆ ಬೆಂಕಿಗೆ ಹಿಡಿದು ಅಲಗಿಗೆ ಮಾಗಿದ ಗೋಧಿಯ ಬಣ್ಣ ಬರುವುದನ್ನು ಕಾದ. ಕಾಯುತ್ತ ಕೇಳಿದ:

"ಹಿಂದಿಂದು ಹೆಂಗ ಮುರೀತು ಕಾಕಾ? ಹಳೀ ಉಕ್ಕು ಸುಮ್ಮಸುಮ್ನ ಮುರಿಯಂಗಿಲ್ಲ."

"ಚೂರಿ ಇರೋದು ಕೊಯ್ಯಾಕ. ಮೀಟಿದ್ರ ಮುರೀತೈತಿ."

"ಯಾರು ಮೀಟಿದ್ರು?"

"ಬಸ್ಸು," ಅಂದ ಕಾಕಾ. "ಬಸ್ಸು ಮೀಟೇತಂತ."

ಆಗ ಹೇಳಬಹುದಿತ್ತು. ಮುದಗಲ್ಲಿಗೆ ಹೊರಟ ಬಸ್ಸನ್ನು ನೋಡುತ್ತ ನಿಂತೆ. ಆ ಹೊತ್ತಿಗೆ ರಾಜೇಶನ ಚೂರಿಗೂ ನನಗೂ ಏನೂ ಫರಕಿರಲಿಲ್ಲ.

ಹೊಸ ಚೂರಿ ಕಟ್ಟಿಗೆಯ ತುಂಡನ್ನು ಅಡ್ಡಲಾಗಿ ಕೊಯ್ದಾಗ ಕೊಯ್ದ ಜಾಗ ಮೇಣ ತಿಕ್ಕಿದಂತೆ ಹೊಳೆಯಿತು. ಕಾಕಾ ಅದರ ಮೇಲೆ ಹೆಬ್ಬೆರಳು ಆಡಿಸಿ ನಕ್ಕ. ಹುಣಸೆಯ ಹಳೆಯ ಹಿಡಿಯನ್ನೇ ಅದಕ್ಕೆ ಹಾಕಿಸಿಕೊಂಡ.

ಗೌರಿ ಹುಣ್ಣಿಮೆಗೆ ಹತ್ತು ದಿನ ಇರುವಾಗ ಅಚ್ಚು ಬಂತು. ಮೂರು ತಾಸು ನೆನೆಸಿದೆ, ಗಡಿಯಾರ ನೋಡಿಕೊಂಡು. ಪಾಕ ಎರೆದು, ಆರಿದ ಮೇಲೆ ಬಿಚ್ಚಿದೆ. ಅಂಬಾರಿ, ಗಂಟೆ, ಕಿವಿಯ ನೆರಿಗೆ, ಎತ್ತಿದ ಸೊಂಡಿಲು, ಒಂದೂ ಮುಕ್ಕಾಗದೆ ಬಂತು. ನನ್ನ ಹೆಂಡತಿ ಶೈಲಜಾ ಅದನ್ನು ಅಂಗೈಯಲ್ಲಿಟ್ಟು ನೋಡಿದಳು.

"ಏನ್ರೀ ಇದು, ಆನಿ ಕಾಲಾಗ ಚೂರಿ ಬಿದ್ದೈತಿ? ಅದಕ್ಕ ತುದೀನ ಇಲ್ಲ."

ಅಕ್ಕಿಕಾಳಿನಷ್ಟು ಚಿಕ್ಕದು. ಆದರೂ ಹಿಡಿಯ ಮೇಲಿನ ಹೆಬ್ಬೆರಳ ಗುಣಿ ಕೂಡ ಮೂಡಿತ್ತು. ಅಚ್ಚಿನಲ್ಲಿ ಅದು ತಗ್ಗು, ಹೆರೆದು ಅಳಿಸಲು ಬರುವುದಿಲ್ಲ. ಹೆರೆದಷ್ಟೂ ಚೂರಿ ದೊಡ್ಡದಾಗುತ್ತದೆ. ಗೊರೇಬಾಳಕ್ಕೆ, ದಢೇಸುಗೂರಿಗೆ, ಎಲ್ಲೆಲ್ಲಿ ನನ್ನ ಆನೆ ಹೋಗುತ್ತದೋ ಅಲ್ಲೆಲ್ಲ ಇದೂ ಹೋಗುತ್ತದೆ.

"ಅದು ಅಂಕುಶ," ಎಂದೆ.

ಎಷ್ಟು ಸಲೀಸಾಗಿ ಬಂತು ನೋಡಿ. ನನಗೆ ನನ್ನ ಬಾಯಿಯ ಮೇಲೇ ಹೇಸಿಗೆಯಾಗಿ, ಅಲ್ಲೇ ನಿಂತು ಮಸ್ಕಿಗೆ ಫೋನು ಹಚ್ಚಿದೆ.

"ಚೂರಿ ಮುರದಾಂವ ನಾನ ಕಾಕಾ."

"ಅದನ್ನ ನಾ ಕೇಳಿಲ್ಲ," ಅಂದ ಕಾಕಾ. "ಸೊಂಡ್ಲಿ ಮೂಡೇತೇನು?"

"ಮೂಡೇತಿ. ಎಲ್ಲಾ ಮೂಡೇತಿ."

"ಹಂಗಾದ್ರ ಈ ಸಲ ಅಚ್ಚು ನೆನಿಸಿದಿ," ಅಂದು ಫೋನಿಟ್ಟ.